ಮೇಬಲ್‌ಬಾಯಿಯವರು ಶನಿವಾರದವರೆಗೆ ಅರಳಬಾರದೆಂಬ ಬಗ್ಗೆ

ಇಂದ,
ಅಪ್ಪಾಸಾಹೇಬ ಬಸಗೌಡ ಹಂಚಿನಾಳ,
ನಿವೃತ್ತ ಶಿರಸ್ತೇದಾರ, ತಹಶೀಲ್ದಾರರ ಕಚೇರಿ, ಹುಕ್ಕೇರಿ, ಜಿಲ್ಲಾ ಬೆಳಗಾವಿ.
ಹಾಲಿ ವಸತಿ: ಮಗಳು ಪ್ರಾಚಿಯ ಮನೆ, ಹೀಟರಿನ ಪಕ್ಕದ ಕುರ್ಚಿ, ನೆಲ್ಸನ್, ನ್ಯೂಜಿಲೆಂಡ್.

ಗೆ,
ಶ್ರೀಮತಿ ಮೇಬಲ್‌ಬಾಯಿಯವರು,
ಆಫ್ರಿಕನ್ ವಯಲೆಟ್ ಗಿಡ, ನೇರಳೆ ಹೂವಿನ ವರ್ಗ,
ಅಡುಗೆಮನೆಯ ಪೂರ್ವದ ಕಿಟಕಿಕಟ್ಟೆ, ಸದರಿ ಮನೆ.

ದಿನಾಂಕ: 20-05-2025, ಮಂಗಳವಾರ

ವಿಷಯ: ತಾವು ಹೊತ್ತಿರುವ ಮೊಗ್ಗನ್ನು ದಿನಾಂಕ 24-05-2025ರ ಶನಿವಾರ ಸಾಯಂಕಾಲ ನಾಲ್ಕೂವರೆ ಗಂಟೆಯವರೆಗೆ ಅರಳಿಸದೆ ತಡೆಹಿಡಿಯುವ ಬಗ್ಗೆ.

ಉಲ್ಲೇಖ:
1) ಶ್ರೀಮತಿ ಜಾಯ್ಸ್‌ರವರ ಆರೈಕೆ ಸೂಚನಾಪತ್ರ, ದಿ. 02-03-2025, ಆವಕ ಸಂಖ್ಯೆ 1.
2) ಅರ್ಜಿದಾರರು ಒಂಬತ್ತು ಭಾನುವಾರ ದೂರವಾಣಿಯಲ್ಲಿ ಸಲ್ಲಿಸಿದ ಹೂವಿನ ವರದಿಗಳು (ಎಲ್ಲವೂ ಸುಳ್ಳು).
3) ಅರ್ಜಿದಾರರ ಧರ್ಮಪತ್ನಿ ಗಂಗವ್ವನವರ ಮೌಖಿಕ ಆಕ್ಷೇಪಣೆಗಳು, ದಿನಾಂಕ: ಪ್ರತಿದಿನ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಅರ್ಜಿದಾರರು ತಮ್ಮ ಐದೂ ಎಲೆಗಳ ಸನ್ನಿಧಿಯಲ್ಲಿ ಕೈಮುಗಿದು ನಿವೇದಿಸಿಕೊಳ್ಳುವುದೇನೆಂದರೆ, ಹೂ ಬಿಡಿ ಎಂದು ಗಿಡವನ್ನು ಬೇಡಿಕೊಂಡವರು ಲೋಕದಲ್ಲಿ ಲಕ್ಷಗಟ್ಟಲೆ ಇದ್ದಾರು. ಬಿಡಬೇಡಿ ಎಂದು ಕ್ರಮಬದ್ಧವಾಗಿ ಅರ್ಜಿ ಹಾಕಿದವರು ಇಡೀ ಭೂಮಂಡಲದಲ್ಲಿ ಇವರೊಬ್ಬರೇ. ಈ ಪರಿಸ್ಥಿತಿ ಉದ್ಭವಿಸಿದ್ದು ಹೇಗೆಂಬುದನ್ನು ಕೆಳಗೆ ವಿವರಿಸಿದೆ.

1. ಅರ್ಜಿದಾರರು ಸಾಮಾನ್ಯರಲ್ಲ. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಇಪ್ಪತ್ತೇಳು ಮಂದಿ ತಹಶೀಲ್ದಾರರಿಗೆ ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿಕೊಟ್ಟವರು. ಇವರು ರಜೆ ಹಾಕಿದ ದಿನ ತಾಲ್ಲೂಕಿನಲ್ಲಿ ಸೂರ್ಯ ಹುಟ್ಟಿದ್ದು ಹೌದಾದರೂ ಅದು ದಾಖಲೆಗೆ ಬಂದಿಲ್ಲ. ಒಂದು ಆಷಾಢದಲ್ಲಿ ಹಿರಣ್ಯಕೇಶಿ ನದಿ ಉಕ್ಕಿ ಊರೊಳಗೆ ನುಗ್ಗುವ ಹೊತ್ತಿಗೆ ಇವರು ದಂಡೆಯ ಮೇಲೆ ನಿಂತು ಹಾಜರಿ ಪುಸ್ತಕ ತೆರೆದು, ನದಿಯ ಹೆಸರಿನ ಮುಂದೆ ಕೆಂಪು ಗೆರೆ ಎಳೆದ ಕೂಡಲೇ ನೀರು ಹನ್ನೆರಡು ಮಾರು ಹಿಂದೆ ಸರಿಯಿತು. ಸಾಕ್ಷಿಗೆ ನಾಲ್ಕು ಸಾವಿರ ಜನ ಇದ್ದಾರೆ. ವಿಳಾಸ ಕೇಳಿದಲ್ಲಿ ಒದಗಿಸಲಾಗುವುದು.

2. ಇಂಥವರು ಮಗಳ ಮನೆಗೆಂದು ಈ ದೇಶಕ್ಕೆ ಬಂದ ಮೇಲೆ ಕೇಳುವ ಕಿವಿಗಳ ತೀವ್ರ ಅಭಾವ ಉಂಟಾಯಿತು. ಮಗಳು ಪ್ರಾಚಿ ಆಸ್ಪತ್ರೆಯಲ್ಲಿ ನರ್ಸ್, ಅಳಿಯ ಕಲ್ಲೇಶ್ ಬಂದರಿನ ಕಚೇರಿಯಲ್ಲಿ ನೌಕರ. ಇಬ್ಬರಿಗೂ ನದಿಯ ಪ್ರಸಂಗ ಬಾಯಿಪಾಠ. ಇವರು ಗಂಟಲು ಸರಿಮಾಡಿಕೊಂಡರೆ ಸಾಕು, “ಅಪ್ಪಾ, ಪುಸ್ತಕ ತೆರದ್ರಿ, ಗೆರಿ ಎಳದ್ರಿ, ನದಿ ಹಿಂದ ಸರೀತು. ನಾ ಡ್ಯೂಟಿಗೆ ಹೋಗಿ ಬರ್ಲ್ಯಾ?” ಎಂದು ಮಗಳು ನದಿಯನ್ನು ನಾಲ್ಕು ಮಾತಿನಲ್ಲಿ ಬತ್ತಿಸಿ ಹೋಗುತ್ತಾಳೆ. ಗಂಗವ್ವನವರ ವಿಷಯ ಹೇಳುವುದೇ ಬೇಡ. ಅವರು ಆ ದಿನ ಅದೇ ದಂಡೆಯ ಮೇಲೆ ಇದ್ದವರು.

3. ಈ ಅಭಾವವನ್ನು ನೀಗಿಸಿದವರು ತಮ್ಮ ಯಜಮಾನಿ, ಪಕ್ಕದ ಮನೆಯ ಶ್ರೀಮತಿ ಜಾಯ್ಸ್‌ರವರು, ವಯಸ್ಸು ಎಂಬತ್ತೆರಡು. ಪ್ರತಿ ಬುಧವಾರ ಮೂರು ಗಂಟೆಗೆ ಅವರ ಮನೆಯ ಮೇಜಿನ ಮುಂದೆ ಚಹಾ, ಜೊತೆಗೆ ಸ್ಕೋನ್ ಎಂಬ, ಭಕ್ಕರಿಗೂ ಬಿಸ್ಕಿಟಿಗೂ ನಡುವಿನ ಒಂದು ಪದಾರ್ಥ. ಅರ್ಜಿದಾರರ ಕಚೇರಿ ಇಂಗ್ಲಿಷನ್ನು ಅವರು ಗಲ್ಲಕ್ಕೆ ಕೈ ಕೊಟ್ಟು ಕೇಳುವರು. ನದಿ ಹಿಂದೆ ಸರಿಯುವಲ್ಲಿ ಪ್ರತಿ ಸಲವೂ “ಓ!” ಎನ್ನುವರು. ಆ ಹೊತ್ತಿನಲ್ಲಿ ಅವರ ಕಿವಿಯ ಮಿಷಿನ್ ಸಕ್ಕರೆ ಬಟ್ಟಲಿನ ಪಕ್ಕದ ಸಾಸರಿನಲ್ಲಿ ಇರುತ್ತಿತ್ತೆಂದು ಗಂಗವ್ವನವರು ದೂರಿದ್ದಾರೆ. ಸದರಿ ದೂರಿನ ಮೇಲೆ ವಿಚಾರಣೆಗೆ ಆದೇಶಿಸಿಲ್ಲ.

4. ಮೇಬಲ್‌ಬಾಯಿಯವರೇ, ತಮ್ಮ ವಂಶಾವಳಿಯನ್ನು ಅರ್ಜಿದಾರರು ಅದೇ ಮೇಜಿನ ಮುಂದೆ ತಿಳಿದುಕೊಂಡರು. ಮೇಬಲ್ ಎಂಬುದು ಜಾಯ್ಸ್‌ರವರ ಅಕ್ಕನ ಹೆಸರು. ಅಕ್ಕ ತೀರಿಕೊಂಡ ದಿನ ಅವರ ಕಿಟಕಿಯ ಗಿಡದಿಂದ ಒಂದೇ ಒಂದು ಎಲೆಯನ್ನು ತೊಟ್ಟುಸಮೇತ ಚಿವುಟಿ, ಒದ್ದೆ ಕರವಸ್ತ್ರದಲ್ಲಿ ಸುತ್ತಿ ತಂದು ಮಣ್ಣಿಗೆ ಊರಿದರಂತೆ. ಅದು ಬೇರು ಬಿಟ್ಟು ಗಿಡವಾಯಿತು. ಅದು ಮುದಿಯಾದಾಗ ಅದರ ಎಲೆಯಿಂದ ಇನ್ನೊಂದು. ಹೀಗೆ ಮೂವತ್ತೊಂದು ವರ್ಷ. ಒಂದು ಗುಂಟೆ ಜಮೀನಿಗೂ ಇಷ್ಟು ಸ್ವಚ್ಛವಾದ ವಾರಸಾ ನೋಂದಣಿಯನ್ನು ಹುಕ್ಕೇರಿ ತಾಲ್ಲೂಕು ಕಂಡಿಲ್ಲ.

5. ಕಳೆದ ಮಾರ್ಚ್ ಎರಡರಂದು ಜಾಯ್ಸ್‌ರವರು ಸೊಂಟದ ಶಸ್ತ್ರಚಿಕಿತ್ಸೆಗಾಗಿ ಕ್ರೈಸ್ಟ್‌ಚರ್ಚಿನ ಮಗ ಆಂಡ್ರ್ಯೂನ ಮನೆಗೆ ಹೊರಟು ನಿಂತರು. ತಾವು ಮತ್ತು ತಮ್ಮ ಇಬ್ಬರು ಸಹೋದ್ಯೋಗಿಗಳು, ಒಂದು ಬಿಳಿ, ಒಂದು ಗುಲಾಬಿ, ಒಟ್ಟು ಮೂರು ಕುಂಡ. ಯಾರಿಗೆ ಒಪ್ಪಿಸುವುದೆಂಬ ಪ್ರಶ್ನೆ ಬಂದಾಗ ಅರ್ಜಿದಾರರು ಎದ್ದು ನಿಂತರು. ಅಂದಿನ ಮಾತುಕತೆ ಹೀಗಿದೆ. (ಜಾಯ್ಸ್‌ರವರ ಇಂಗ್ಲಿಷನ್ನು ಹುಕ್ಕೇರಿ ಕನ್ನಡಕ್ಕೆ ಭಾಷಾಂತರಿಸಿದವರು ಅರ್ಜಿದಾರರು. ನಿಜಪ್ರತಿ ಎಂದು ದೃಢೀಕರಿಸಿದವರೂ ಅವರೇ. ಅಪ್ಪಾಸಾಹೇಬ ಎಂಬ ಹೆಸರು ಜಾಯ್ಸ್‌ರವರ ಬಾಯಲ್ಲಿ ‘ಅಪ್ಪಾ’ ಎಂದಷ್ಟೇ ಉಳಿದಿದೆ.)

“ಅಪ್ಪಾ, ನಿನಗ ಗಿಡಾ ಸಾಕಿ ಗೊತ್ತೈತೇನು?”

“ಮ್ಯಾಡಮ್, ಹದಿನಾರು ಸಾವಿರ ಎಕರೆ ಕಬ್ಬು ನನ್ನ ಸಹಿ ಇಲ್ಲದ ಒಂದ ಗೇಣ ಮ್ಯಾಲ ಎದ್ದಿಲ್ಲ.”

“ಇದು ಕಬ್ಬಲ್ಲ. ಭಾಳ ಸೂಕ್ಷ್ಮ.”

“ಸೂಕ್ಷ್ಮ ಅಂದ್ರ ನಾನ ಮ್ಯಾಡಮ್.”

ಬಾಗಿಲಲ್ಲಿ ನಿಂತಿದ್ದ ಗಂಗವ್ವನವರು ಕನ್ನಡದಲ್ಲಿ, “ಹಿತ್ತಲದಾಗ ಕರಿಬೇವ ಒಣಗಿಸಿದ ಮನಶ್ಯಾ” ಎಂದರು. ಭಾಷಾಂತರಿಸುವ ಅಗತ್ಯ ಕಂಡುಬರಲಿಲ್ಲ.

6. ಜಾಯ್ಸ್‌ರವರು ಎರಡೂ ಮಗ್ಗುಲು ಬರೆದ ಒಂದು ಹಾಳೆಯನ್ನು ಕೈಗೆ ಕೊಟ್ಟರು. ಅರ್ಜಿದಾರರು ಅದನ್ನು ಸಕಲ ಮರ್ಯಾದೆಯೊಂದಿಗೆ ಸ್ವೀಕರಿಸಿ, ‘ತಲುಪಿದೆ’ ಎಂದು ಸಹಿ ಮಾಡಿ, ಆವಕ ಸಂಖ್ಯೆ ನಮೂದಿಸಿ, ಮೂಲೆಗೆ ತೂತು ಹಾಕಿ, ಕೆಂಪು ದಾರ ಪೋಣಿಸಿ, ಕಡತ ತೆರೆದು, ‘ಅವಗಾಹನೆಗೆ’ ಎಂದು ಬರೆದು, ಕಡತವನ್ನು ಕಪಾಟಿನ ಮೇಲಿಟ್ಟರು. ಓದಲಿಲ್ಲ. ಬಂದ ಕಾಗದವನ್ನು ಓದುವುದು ಕೆಳಗಿನ ಗುಮಾಸ್ತನ ಕೆಲಸ. ನೆಲ್ಸನ್ನಿನ ಈ ಮನೆಯಲ್ಲಿ ಕೆಳಗಿನ ಗುಮಾಸ್ತನೆಂಬ ಹುದ್ದೆಯೇ ಮಂಜೂರಾಗಿಲ್ಲ ಎಂಬುದು ಆಗ ಹೊಳೆಯದೇ ಹೋಯಿತು. ಕಾರಣ, ಮುಂದಿನ ಎಲ್ಲ ಅನಾಹುತ.

7. ಸದರಿ ಅನಾಹುತಗಳನ್ನು ಅರ್ಜಿದಾರರು ಯಾವುದೇ ಒತ್ತಡವಿಲ್ಲದೆ, ಸ್ವಸ್ಥಚಿತ್ತದಿಂದ ಒಪ್ಪಿಕೊಳ್ಳುತ್ತಾರೆ:

(ಅ) ಹುಕ್ಕೇರಿಯಲ್ಲಿ ಉತ್ತರದ ಕಿಟಕಿಯೆಂದರೆ ತಂಪು, ನೆರಳು, ಕುಬೇರನ ದಿಕ್ಕು. ಆದ್ದರಿಂದ ಸೂಕ್ಷ್ಮದವರಿಗೆ ಇದೇ ಸರಿಯೆಂದು ಮೂವರನ್ನೂ ಪಡಸಾಲೆಯ ಉತ್ತರದ ಕಿಟಕಿಗೆ ವರ್ಗಾಯಿಸಲಾಯಿತು. ಈ ದೇಶದಲ್ಲಿ ಸೂರ್ಯನು ಆಕಾಶದ ಉತ್ತರ ಮಗ್ಗುಲಿಗೇ ವಾಲಿಕೊಂಡು ಹೋಗುತ್ತಾನೆಂಬುದು ನಾಲ್ಕನೆಯ ದಿನ ತಮ್ಮ ಎಲೆ ಹಪ್ಪಳದ ಬಣ್ಣಕ್ಕೆ ತಿರುಗಿದಾಗ ಗಮನಕ್ಕೆ ಬಂತು. ಸೂರ್ಯನೇ ತಪ್ಪು ದಾರಿ ಹಿಡಿದಿದ್ದಾನೆಂದು ಅರ್ಜಿದಾರರು ಮೂರು ದಿನ ವಾದಿಸಿದರು.

(ಆ) ಪ್ರತಿದಿನ ಬೆಳಿಗ್ಗೆ ಸ್ನಾನ ಮುಗಿಸಿ, ವಿಭೂತಿ ಧರಿಸಿ, ತಾಮ್ರದ ತಂಬಿಗೆಯ ತುಂಬ ನಲ್ಲಿಯ ತಣ್ಣೀರು ಹಿಡಿದು, ತುಳಸಿಗೆ ಎರೆದಂತೆ ತಮ್ಮ ನೆತ್ತಿಯ ಮೇಲೆ ಎರೆಯಲಾಯಿತು. ತಮ್ಮ ಎಲೆಯ ಮೇಲಿನ ಮಖಮಲ್ಲಿನಂಥ ರೋಮಕ್ಕೆ ತಣ್ಣೀರು ತಾಗಿದರೆ ಕಲೆ ಬೀಳುತ್ತದೆಂದೂ, ನೆತ್ತಿಯಲ್ಲಿ ನೀರು ನಿಂತರೆ ನಡುವಿನ ಸುಳಿಯೇ ಕೊಳೆಯುತ್ತದೆಂದೂ ಇವರಿಗೆ ತಿಳಿದಿರಲಿಲ್ಲ. ಕಲೆ ಬಿದ್ದಾಗ ತೀರ್ಥ ಸಾಲದೆಂದು ಎರಡು ತಂಬಿಗೆ ಮಾಡಿದರು.

(ಇ) ಹೂವಿನ ವಿಷಯ. ಊರಲ್ಲಿ ಗಂಗವ್ವನವರು ಸೂರ್ಯ ಮೂಡುವ ಮೊದಲು ಬುಟ್ಟಿ ಹಿಡಿದು ಓಣಿಯ ಅಷ್ಟೂ ಬೇಲಿಯ ದಾಸವಾಳ, ಕಣಗಿಲೆ ಹರಿದು ತಂದು ದೇವರಿಗೆ ಏರಿಸುತ್ತಿದ್ದವರು. ಯಾರೂ ಬೇಡವೆಂದವರಿಲ್ಲ. ಇಲ್ಲಿ ಬಂದ ಹೊಸದರಲ್ಲಿ ಎದುರು ಮನೆಯ ಕೆಮೇಲಿಯಾ ಹರಿದು ತಂದಾಗ ಪ್ರಾಚಿ, “ಅವ್ವಾ, ಇಲ್ಲಿ ಮಂದಿ ಹೂ ಮುಟ್ಟಬಾರ್ದ ನೋಡವ್ವಾ” ಎಂದು ನಾಲ್ಕು ಸಲ ಕೈಮುಗಿದಿದ್ದಳು. ಅಂದಿನಿಂದ ದೇವರು ಪ್ಲಾಸ್ಟಿಕ್ ಮಾಲೆಯಲ್ಲಿ ಮುನಿಸಿಕೊಂಡು ಕೂತಿದ್ದರು. ಅಂಥದ್ದರಲ್ಲಿ ಹೂ ಹೊತ್ತ ಮೂರು ಕುಂಡಗಳು ತಾವಾಗಿ ನಡೆದು ಮನೆಯೊಳಗೆ ಬಂದವು! ಗಂಗವ್ವನವರು ಹನ್ನೆರಡೇ ದಿನದಲ್ಲಿ ಬಿಳಿ, ಗುಲಾಬಿ, ನೇರಳೆ ಮೂರನ್ನೂ, ಮೊಗ್ಗೂ ಬಿಡದೆ, ದೇವರ ಪಾದಕ್ಕೆ ಸಂದಾಯ ಮಾಡಿದರು.

8. ಮಾರ್ಚ್ ಮುಗಿಯುವುದರೊಳಗೆ ಬಿಳಿ ಮತ್ತು ಗುಲಾಬಿ ಸಹೋದ್ಯೋಗಿಗಳು ಸೇವೆಯಲ್ಲಿರುವಾಗಲೇ ನಿಧನ ಹೊಂದಿದರು. ಎರಡು ನಿಮಿಷ ಮೌನ ಆಚರಿಸಲಾಯಿತು. ಇದರಲ್ಲಿ ಒಂದೂವರೆ ನಿಮಿಷ ಗಂಗವ್ವನವರು ಮಾತಾಡಿದರು.

ಏಪ್ರಿಲ್ ಮೊದಲ ವಾರ ಪ್ರಾಚಿ ಡ್ಯೂಟಿಯಿಂದ ಬಂದು, ಕಪಾಟಿನ ಮೇಲೆ ಬೇರೇನನ್ನೋ ಹುಡುಕುತ್ತ ಕಡತವನ್ನು ಕೆಳಗಿಳಿಸಿದಳು. ದಾರ ಬಿಚ್ಚಿದಳು. ನಿಂತಲ್ಲೇ ಎರಡೂ ಮಗ್ಗುಲು ಓದಿದಳು.

“ಅಪ್ಪಾ, ಇದನ್ನ ಓದೀರೇನ್ರಿ?”

“ಓದೂದ್ಯಾಕ? ಫೈಲ್ ಮಾಡೀನಿ.”

“ಮೊದಲನೇ ಸಾಲನ ಏನೈತಿ ಗೊತ್ತೇನ್ರಿ? ಎಲಿ ಮ್ಯಾಲ ನೀರ ಬೀಳಬಾರ್ದು. ಸಾಸರಿನ್ಯಾಗ ಉಗುರು ಬೆಚ್ಚಗಿನ ನೀರ ಇಟ್ಟು, ಅದರಾಗ ಕುಂಡಾ ಅರ್ಧಾ ತಾಸ ಇಡಬೇಕು, ತಳದಿಂದ ಕುಡೀತೈತಿ. ಎರಡನೇದ್ದು, ಉತ್ತರದ ಕಿಟಕಿ ಬ್ಯಾಡ. ಕೆಳಗ ಕೆಂಪ ಗೆರಿ ಬ್ಯಾರೆ ಎಳದಾರು!”

“ಕೆಂಪ ಗೆರಿ ನಾ ಎಳದದ್ದಲ್ಲ” ಎಂದು ಅರ್ಜಿದಾರರು ಸ್ಪಷ್ಟೀಕರಣ ನೀಡಿದರು.

ಪ್ರಾಚಿ ಕೈಗೆ ಗ್ಲೌಸ್ ಹಾಕಿಕೊಂಡು, ತಮ್ಮ ಕೊಳೆತ ಎಲೆಗಳನ್ನೆಲ್ಲ ಒಂದೊಂದಾಗಿ ತೆಗೆದು, ಕಪ್ಪಾದ ಬೇರು ಕತ್ತರಿಸಿ, ಸಣ್ಣ ಕುಂಡದಲ್ಲಿ ಹಗುರವಾದ ಹೊಸ ಮಣ್ಣಿಗೆ ಕೂರಿಸಿ, ಅಡುಗೆಮನೆಯ ಪೂರ್ವದ ಕಿಟಕಿಗೆ ದಾಖಲು ಮಾಡಿದಳು. ಉಳಿದದ್ದು ಐದೇ ಎಲೆ. ಅಳಿಯ ಕಲ್ಲೇಶ್, “ಮಾವಾರ, ಗಾರ್ಡನ್ ಸೆಂಟರಿನ್ಯಾಗ ಇಂಥಾವು ಸಾಲಾಗಿ ಇಟ್ಟಾರ. ಒಂದ ನೇರಳಿದು ತಂದ ಇಟ್ಟರಾತು, ಯಾರಿಗೂ ತಿಳಿಯಾಂಗಿಲ್ಲ” ಎಂದ. ಮೂವತ್ತೊಂದು ವರ್ಷದ ವಾರಸಾ ಇರುವಲ್ಲಿ ಬೇನಾಮಿಯನ್ನು ಕೂರಿಸುವುದು ಅರ್ಜಿದಾರರ ಮನಸ್ಸಿಗೆ ಒಗ್ಗಲಿಲ್ಲ. ಇದೊಂದನ್ನು ತಾವು ಇವರ ಪರವಾಗಿ ಷರಾ ಬರೆದುಕೊಳ್ಳಬಹುದು.

9. ಇಷ್ಟಾದರೂ ಪ್ರತಿ ಭಾನುವಾರ ಕ್ರೈಸ್ಟ್‌ಚರ್ಚಿನಿಂದ ಫೋನು ತಪ್ಪಲಿಲ್ಲ. ಜಾಯ್ಸ್‌ರವರಿಗೆ ಸೊಂಟದ ನೋವು. ವಾಕರ್ ಎಂಬ ನಡೆಯುವ ಚೌಕಟ್ಟು ಹಿಡಿದು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹೋಗಬೇಕೆಂದರೆ ಕಣ್ಣಲ್ಲಿ ನೀರು. “ಮೇಬಲ್ ಹೆಂಗದಾಳ?” ಎಂದು ಕೇಳುವರು. ಇಂಥ ಹೊತ್ತಲ್ಲಿ ಸತ್ಯ ಹೇಳುವುದು ಸಭ್ಯತೆಯಲ್ಲವಾದ್ದರಿಂದ ಮೊದಲ ವಾರ ಒಂಬತ್ತು ಹೂ ಎಂದು ವರದಿ ಮಾಡಲಾಯಿತು. ಅವರು ಹಿಗ್ಗಿದರು. ಆದ್ದರಿಂದ ಮುಂದಿನ ವಾರ ಹನ್ನೆರಡು. ಇವರ ನಾಲಗೆಗೆ ಒಮ್ಮೆ ಇಳಿಜಾರು ಸಿಕ್ಕರೆ ಬ್ರೇಕ್ ಹಿಡಿಯುವುದಿಲ್ಲ. ಏಪ್ರಿಲ್ ಮಧ್ಯದ ಹೊತ್ತಿಗೆ ಇಪ್ಪತ್ತಮೂರು. ಕಿಟಕಿಯ ಹೊರಗೆ ಜನ ನಿಂತು ನೋಡುತ್ತಾರೆ ಎಂದರು. ಪೋಸ್ಟಿನವನು ಟೋಪಿ ತೆಗೆದು ಹೋಗುತ್ತಾನೆ ಎಂದರು. ಮೇ ನಾಲ್ಕರ ಭಾನುವಾರ ನಲವತ್ತು ಎಂದರು.

ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಗಂಗವ್ವನವರು ತೊಡೆ ಚಿವುಟಿದರು. ತಡವಾಗಿತ್ತು.

ಆ ಕಡೆಯಿಂದ ಜಾಯ್ಸ್‌ರವರು ಹೇಳಿದ್ದು: “ನಲವತ್ತ! ನನ್ನ ಕೈಯಾಗ ಎಂದೂ ಹದಿನೈದರ ಮ್ಯಾಲ ಹೋಗಿಲ್ಲೋ ಅಪ್ಪಾ. ನಿನ್ನ ಕೈಗುಣನ ಬ್ಯಾರೆ. ಆಂಡ್ರ್ಯೂ ಇಲ್ಲೇ ನನಗೊಂದ ಮನಿ ನೋಡ್ಯಾನ, ವಯಸ್ಸಾದಾವ್ರು ಇರೂವಂಥಾದ್ದು. ಕಾಗದಾ ತಂದ ಇಟ್ಟಾನ. ಮೇಬಲ್ಲಿನ ಒಂದ ಚಿಂತಿಗೆ ನಾ ಸಹಿ ಮಾಡಿದ್ದಿಲ್ಲ. ಈಗ ಅದೂ ಹೋತು. ಅಕಿ ನಿನ್ನ ಹತ್ರನ ಇರ್ಲಿ. ನಾ ಇಲ್ಲೇ ಉಳೀತೀನಿ.”

ಅರ್ಜಿದಾರರು “ಹಾಂ” ಎಂದರು. ಇವರ ಸೇವಾವಧಿಯಲ್ಲಿ ಇದಕ್ಕಿಂತ ಚಿಕ್ಕ ಉತ್ತರ ದಾಖಲಾಗಿಲ್ಲ.

“ಏನಂದ್ರು?” ಎಂದರು ಗಂಗವ್ವನವರು.

“ಗಿಡಾ ನಮಗ ಕೊಟ್ರು.”

“ಮತ್ತ ಮಾರಿ ಯಾಕ ಹಂಗಾಗೈತಿ? ಖುಷಿ ಪಡ್ರಿ.”

“ಅವರು ಇನ್ನ ಬರಾಂಗಿಲ್ಲಂತ.”

ಗಂಗವ್ವನವರು ಬೆಳ್ಳುಳ್ಳಿ ಕೆಳಗಿಟ್ಟರು. “ನಾ ಹೇಳ್ಲಿಲ್ಲ? ಹತ್ತಕ್ಕ ನಿಲ್ಲಸ್ರಿ ಅಂತ” ಎಂದರು. ಆಮೇಲೆ ಎದ್ದು ಹೋಗಿ, ಕೇಳದೆಯೇ, ಒಂದು ಲೋಟ ಚಹಾ ಮಾಡಿ ತಂದುಕೊಟ್ಟರು.

10. ಮೇ ಏಳರ ಬುಧವಾರ ಮೂರು ಗಂಟೆಗೆ ಅರ್ಜಿದಾರರು ಎಂದಿನಂತೆ ಕೋಟು ಹಾಕಿ, ತಲೆ ಬಾಚಿ, ಜಾಯ್ಸ್‌ರವರ ಮನೆಯ ಮೆಟ್ಟಿಲಿನ ಮೇಲೆ ಹೋಗಿ ಕೂತರು. ಮನೆಗೆ ಬೀಗ ಹಾಕಿತ್ತು. ಅಂಗಳದಲ್ಲಿ ಒಂದು ಅಂಚೆಡಬ್ಬಿ ಇದೆ. ಅದಕ್ಕೆ ಹಿರಣ್ಯಕೇಶಿಯ ಪ್ರಸಂಗ ಆರಂಭಿಸಿದರು. ಡಬ್ಬಿ ನಡುವೆ ಬಾಯಿ ಹಾಕಲಿಲ್ಲ, ಡ್ಯೂಟಿಗೆ ಹೋಗುತ್ತೇನೆನ್ನಲಿಲ್ಲ. ಆದರೂ ಹಾಜರಿ ಪುಸ್ತಕ ತೆರೆಯುವಲ್ಲಿಗೆ ಬಂದಾಗ ಇವರು ಪ್ರಸಂಗವನ್ನು ಅಲ್ಲಿಗೇ ಮುಚ್ಚಿ, ಎದ್ದು ಮನೆಗೆ ಬಂದರು. ನದಿ ಅಂದು ಹಿಂದೆ ಸರಿಯಲಿಲ್ಲ.

11. ಅದೇ ಸಂಜೆ ಪ್ರಾಚಿಯ ಫೋನಿನಿಂದ ಆಂಡ್ರ್ಯೂನ ಫೋನಿಗೆ ವಿಡಿಯೋ ಕರೆ ಮಾಡಲಾಯಿತು. “ಅಪ್ಪಾ, ಸಣ್ಣದಾಗಿ ಹೇಳ್ರಿ. ಕಬ್ಬಿನಿಂದ ಶುರು ಮಾಡಬ್ಯಾಡ್ರಿ” ಎಂದು ಪ್ರಾಚಿ ಮೊದಲೇ ತಾಕೀತು ಮಾಡಿದ್ದಳು.

“ಮ್ಯಾಡಮ್, ಹೂವ ನಲವತ್ತಲ್ಲ.”

“ಮತ್ತ ಎಷ್ಟು?”

“ಅದರಾಗ ನಲವತ್ತ ಕಡಿಮಿ.”

ಪ್ರಾಚಿ ತಮ್ಮ ಕುಂಡವನ್ನು ಎತ್ತಿ ತೋರಿಸಿದಳು. ಐದು ಎಲೆ, ಅದರಲ್ಲಿ ಎರಡಕ್ಕೆ ಕಲೆ. ಜಾಯ್ಸ್‌ರವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬಿಳಿಯದು, ಗುಲಾಬಿಯದು ಎಲ್ಲಿ ಎಂದರು. ತಣ್ಣೀರು, ಬಿಸಿಲು, ದೇವರು ಎಲ್ಲವನ್ನೂ ಹೇಳಲಾಯಿತು. ಅವರು ತುಟಿ ಬಿಗಿಹಿಡಿದು ಕಿಟಕಿಯ ಕಡೆ ಮುಖ ತಿರುಗಿಸಿದಾಗ ಅರ್ಜಿದಾರರಿಗೆ ಮೂವತ್ತನಾಲ್ಕು ವರ್ಷದ ಸೇವೆಯೂ ಒಂದು ತಂಬಿಗೆ ತಣ್ಣೀರಿನಂತೆ ನೆತ್ತಿಯಿಂದ ಇಳಿದುಹೋಯಿತು. ಇದು ಉತ್ಪ್ರೇಕ್ಷೆಯಲ್ಲ.

ಅನಂತರ ಜಾಯ್ಸ್‌ರವರು ತಿರುಗಿದರು. “ಹಾಳಿ ಓದಲಿಲ್ಲೇನೋ?”

“ಫೈಲ್ ಮಾಡಿದ್ದೆ, ಮ್ಯಾಡಮ್.”

“ಫೈಲ್! ಗಿಡದ ತಲಿ ಮ್ಯಾಲ ತಣ್ಣೀರ ಸುರದ, ಬಿಸಲಾಗ ಹುರದ, ಹೂವ ಹರದ ದೇವರಿಗೆ ಕೊಟ್ಟು, ಪೋಸ್ಟಿನಾಂವ ಟೋಪಿ ತಗದ ಅಂತ ನನಗ ಹೇಳ್ತೀ? ನನಗ ಸಣ್ಣ ಹುಡಿಗಿ ಅಂತ ತಿಳದೀಯೇನು? ಇನ್ನೊಂದ ತಿಂಗಳ ನಿನ್ನ ಕೈಯಾಗ ಬಿಟ್ರ ಆ ಐದ ಎಲೀನೂ ಉಳಿಯಾಂಗಿಲ್ಲ. ಆಂಡ್ರ್ಯೂ, ಆ ಕಾಗದಾ ಒಳಗಿಡು. ನಾ ಮನಿಗೆ ಹೋಗಬೇಕು!”

ಬೈಗುಳ ಇಪ್ಪತ್ತೆರಡು ನಿಮಿಷ ನಡೆಯಿತು. ಬೈಸಿಕೊಳ್ಳುತ್ತ ಇಷ್ಟು ಸುಖಪಟ್ಟ ನೌಕರ ಕಂದಾಯ ಇಲಾಖೆಯ ಚರಿತ್ರೆಯಲ್ಲಿ ಇನ್ನೊಬ್ಬನಿಲ್ಲ. ಫೋನು ಇಟ್ಟ ಮೇಲೆ ಅರ್ಜಿದಾರರು ಎರಡು ಜೋಳದ ಭಕ್ಕರಿ ಹೆಚ್ಚಿಗೆ ಉಂಡರು.

12. ಆದರೆ ಆಂಡ್ರ್ಯೂ ಕೆಟ್ಟವನಲ್ಲದಿದ್ದರೂ ಜಾಣ. ಮೇ ಇಪ್ಪತ್ತನಾಲ್ಕಕ್ಕಿಂತ ಮೊದಲು ಡಾಕ್ಟರು ಕಾರಿನ ಪ್ರಯಾಣ ಬೇಡವೆಂದಿದ್ದಾರೆ, ಆ ದಿನ ಕರೆತರುತ್ತೇನೆ, ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಗಿಡದ ಒಂದು ಫೋಟೋ ಕಳಿಸಿರಿ ಎಂದ. ಫೋನಿನಲ್ಲಿ ಹೇಳಿಕೊಟ್ಟು ಗಿಡ ಸುಧಾರಿಸಿದರೆ ತಾಯಿಯನ್ನು ಅಷ್ಟು ದೂರ ಅಲುಗಾಡಿಸುವುದೇಕೆ, ಚಳಿಗಾಲ ಕಳೆಯಲಿ, ಆಮೇಲೆ ನೋಡೋಣ ಎಂದ. ‘ಆಮೇಲೆ ನೋಡೋಣ’ ಎಂಬ ಷರಾ ಅರ್ಜಿದಾರರಿಗೆ ಹೊಸದಲ್ಲ. ಆ ಷರಾ ಬರೆದು ಇವರೇ ಮಲಗಿಸಿದ ಕಡತಗಳು ಇಂದಿಗೂ ಹುಕ್ಕೇರಿಯಲ್ಲಿ ಗೊರಕೆ ಹೊಡೆಯುತ್ತಿವೆ. ಜಾಯ್ಸ್‌ರವರಿಗೂ ಮನಸ್ಸು ಅತ್ತಿತ್ತ ಇದೆ. ಮಗನ ಮನೆ ಬೆಚ್ಚಗಿದೆ, ಸೊಂಟ ಇನ್ನೂ ನೋಯುತ್ತಿದೆ. ಗಿಡ ಸಾಯುತ್ತಿದೆ ಎಂಬ ಒಂದೇ ಹಟದ ಮೇಲೆ ಅವರು ಕಾರು ಹತ್ತುವವರಿದ್ದಾರೆ.

13. ಪರಿಸ್ಥಿತಿ ಹೀಗಿರುವಾಗ, ಮೇ ಹನ್ನೆರಡರ ಬೆಳಿಗ್ಗೆ ತಮ್ಮ ಸಾಸರಿಗೆ ನೀರು ಇಡಲು ಬಗ್ಗಿದ ಗಂಗವ್ವನವರು ಕೂಗಿದರು: “ರೀ, ಬರ್ರಿ ಇಲ್ಲಿ! ಮೇಬಲ್‌ಬಾಯಿ ಬಸರಾಗ್ಯಾಳ!”

ಅರ್ಜಿದಾರರು ಭೂತಗನ್ನಡಿ ಸಹಿತ ಸ್ಥಳ ಪರಿಶೀಲನೆ ನಡೆಸಿದರು. ಎಡಗಡೆಯ ದೊಡ್ಡ ಎಲೆಯ ಬುಡದಲ್ಲಿ, ಎಲೆಯ ಕೆಳಗೆ ಅವಿತುಕೊಂಡು, ಜೋಳದ ಕಾಳಿನಷ್ಟು ದಪ್ಪದ ಒಂದು ಮೊಗ್ಗು. ಒಂದು ವಾರ ಅದು ಎಲೆಯ ಮರೆಯಲ್ಲೇ ಇದ್ದದ್ದರಿಂದ ಫೋಟೋದಲ್ಲಿ ಬೀಳಲಿಲ್ಲ. ನಿನ್ನೆ ಕುತ್ತಿಗೆ ಉದ್ದ ಮಾಡಿತು. ಇಂದು ಬೆಳಿಗ್ಗೆ ತುದಿಯಲ್ಲಿ ನೇರಳೆ ಬಣ್ಣ ಇಣುಕಿದೆ. ಅರಳಿದ ಹೂ ಫೋಟೋದಲ್ಲಿ ಬಿದ್ದರೆ ಗಿಡ ಸುಧಾರಿಸಿತೆಂದು ಆಂಡ್ರ್ಯೂ ಕಾರು ಹೊರಡಿಸುವುದಿಲ್ಲ.

ಕಾರಣ, ಪ್ರಾಚಿಯನ್ನು ವಿನಂತಿಸಲಾಯಿತು. “ಅವ್ವಾ, ಸುಳ್ಳ ಬ್ಯಾಡ. ಬರೇ ಒಂದೀಟ ಬಲಕ್ಕ ನಿಂತ ಫೋಟೋ ತಗಿ.”

“ದಿನಾ ಒಂದ ಜಾಗಾದಿಂದ ತಗೀಬೇಕಂತ ಜಾಯ್ಸ್ ಆಂಟಿ ಹೇಳ್ಯಾರು. ನಾ ಪೇಷಂಟ್ ಚಾರ್ಟಿನ್ಯಾಗ ಸುಳ್ಳ ಬರ್ಯಾಂಗಿಲ್ಲ, ಅಪ್ಪಾ. ಗಿಡಾ ಆದ್ರೂ ಚಾರ್ಟ ಚಾರ್ಟನ. ನಲವತ್ತ ಹೂವಿನ್ದ ಸಾಕಾಗಿಲ್ಲೇನು ನಿಮಗ?”

ಗಂಗವ್ವನವರು ಇನ್ನೊಂದು ಪರಿಹಾರ ಸೂಚಿಸಿದರು. “ಹರದ ದೇವರಿಗೆ ಏರಸ್ಲೇನು? ಒಂದ ನಿಮಿಷದ ಕೆಲಸ. ಕೈ ನನ್ದು, ಪಾಪಾನೂ ನನ್ದು.” ಅವರ ಬೆರಳು ತಮ್ಮ ತೊಟ್ಟಿನ ಹತ್ತಿರ ಹೋಗಿಯೂ ಇತ್ತು. ಅರ್ಜಿದಾರರು ಅಡ್ಡ ಕೈ ಇಟ್ಟರು. ಯಾಕೆಂದು ಗಂಗವ್ವನವರು ಕೇಳಿದರು. ಇವರು ಗುಡುಗಿನಂಥ ಉತ್ತರಗಳಿಗೆ ಹೆಸರಾದವರು. ಆದರೂ ಆ ಹೊತ್ತಿಗೆ ಬಾಯಿಗೆ ಬಂದದ್ದು ಇಷ್ಟೇ: “ಇದು ಅವರ ಅಕ್ಕಂದ. ಮೊದಲ ಅವರು ನೋಡ್ಲಿ. ದೇವರು ತಡೀತಾನ.”

ಗಂಗವ್ವನವರು ಕೈ ಹಿಂದಕ್ಕೆ ತೆಗೆದುಕೊಂಡರು. ಅವರ ಮೌಖಿಕ ಆಕ್ಷೇಪಣೆಗಳ ಸರಣಿಯಲ್ಲಿ ಇಂದಿನ ಒಂದು ದಿನ ಖಾಲಿ ಇದೆ.

14. ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದಯಮಾಡಿ ಈ ಕೆಳಗಿನಂತೆ ಆದೇಶ ಹೊರಡಿಸಬೇಕಾಗಿ ಕಳಕಳಿಯ ಪ್ರಾರ್ಥನೆ:

(ಅ) ಬುಧ, ಗುರು, ಶುಕ್ರ ಮೂರೂ ದಿನ ಮೊಗ್ಗನ್ನು ಇದ್ದಲ್ಲಿಯೇ, ಇದ್ದಂತೆಯೇ ಯಥಾಸ್ಥಿತಿಯಲ್ಲಿ ಕಾಯ್ದುಕೊಳ್ಳತಕ್ಕದ್ದು. ಸಾಧ್ಯವಾದಲ್ಲಿ ಒಂದೆರಡು ಎಲೆಗಳನ್ನು ತುಸು ಬಾಗಿಸಿ, ನೋಡಿದವರಿಗೆ ಅಯ್ಯೋ ಎನಿಸುವಂತೆ ಇರಿಸಿಕೊಳ್ಳತಕ್ಕದ್ದು. ಇದು ಸುಳ್ಳಲ್ಲ, ನಿಲುವು.

(ಆ) ಶನಿವಾರ ನಾಲ್ಕು ಗಂಟೆಗೆ ಕಾರು ಬರುತ್ತದೆ. ಇಳಿಯಲು ಐದು ನಿಮಿಷ, ಚೌಕಟ್ಟು ಹಿಡಿದು ಮೂರು ಮೆಟ್ಟಿಲು ಹತ್ತಲು ಹತ್ತು, ನಡುವೆ ಅರ್ಜಿದಾರರನ್ನು ಬೈಯಲು ಹತ್ತು, ಅಡುಗೆಮನೆಯ ಕುರ್ಚಿಗೆ ಬಂದು ಕೂರಲು ಐದು. ಒಟ್ಟು ನಾಲ್ಕೂವರೆ. ಜಾಯ್ಸ್‌ರವರು ಒಮ್ಮೆ ಕುರ್ಚಿಯಲ್ಲಿ ಕೂತು ಕೈಗೆ ಚಹಾ ತೆಗೆದುಕೊಂಡರೆ ಆಮೇಲೆ ಅವರನ್ನು ಎಬ್ಬಿಸಿ ಕರೆದೊಯ್ಯುವುದು ಆಂಡ್ರ್ಯೂನಿಂದಲ್ಲ, ಜಿಲ್ಲಾಧಿಕಾರಿಗಳಿಂದಲೂ ಆಗದ ಕೆಲಸ. ಆಗ ತಾವು ಮುಕ್ತರು. ಒಂದಲ್ಲ, ನಲವತ್ತು ಬಿಡಬಹುದು.

(ಇ) ಇದಕ್ಕೆ ಪ್ರತಿಯಾಗಿ ಅರ್ಜಿದಾರರು ಮುಂದೆಂದೂ ತಮ್ಮ ನೆತ್ತಿಗೆ ನೀರೆರೆಯುವುದಿಲ್ಲವೆಂದೂ, ಸಾಸರಿನ ನೀರನ್ನು ಕೂಸಿಗೆ ನೋಡುವಂತೆ ಮೊಣಕೈಯಲ್ಲಿ ಮುಟ್ಟಿ ನೋಡಿಯೇ ಇಡುವರೆಂದೂ, ಬಂದ ಕಾಗದವನ್ನು ಫೈಲ್ ಮಾಡುವ ಮೊದಲು ಕನಿಷ್ಠ ಒಂದು ಮಗ್ಗುಲನ್ನಾದರೂ ಓದುವರೆಂದೂ ಮುಚ್ಚಳಿಕೆ ಬರೆದುಕೊಡುತ್ತಾರೆ.

ಸದರಿ ಅರ್ಜಿಯನ್ನು ಸಹಾನುಭೂತಿಯಿಂದ ಪರಿಗಣಿಸುವಿರೆಂಬ ಭರವಸೆಯೊಂದಿಗೆ,

ತಮ್ಮ ಜೊತೆಗೇ ಒಮ್ಮೆ ಸತ್ತು ಈಗಷ್ಟೇ ಚಿಗುರುತ್ತಿರುವ ವಿಶ್ವಾಸಿ,

(ಸಹಿ)
ಅ. ಬ. ಹಂಚಿನಾಳ

ಲಗತ್ತುಗಳು:
1. ಸೂಚನಾಪತ್ರ, ಮೂಲಪ್ರತಿ, ತೂತುಸಹಿತ.
2. ಪ್ರಾಚಿ ತೆಗೆದ ಫೋಟೋಗಳು, ಇಂದಿನವರೆಗೆ ಹನ್ನೆರಡು. ಎಲ್ಲದರಲ್ಲೂ ಅರ್ಜಿದಾರರ ಹೆಬ್ಬೆರಳು ಮೂಲೆಯಲ್ಲಿ ಬಂದಿದೆ. ಇದು ಆಕಸ್ಮಿಕ.
3. ಬಿಳಿ ಮತ್ತು ಗುಲಾಬಿ ಸಹೋದ್ಯೋಗಿಗಳ ಖಾಲಿ ಕುಂಡಗಳು, ಎರಡು, ತೊಳೆದು ಒರೆಸಿದ್ದು.

ಪ್ರತಿಯನ್ನು: ಶ್ರೀಮತಿ ಗಂಗವ್ವ, ಅಡುಗೆಮನೆ. ಮಾಹಿತಿಗಾಗಿ ಮತ್ತು ಕೈ ದೂರವಿಡುವುದಕ್ಕಾಗಿ.

ವಿಶೇಷ ಸೂಚನೆ: ನಿಸರ್ಗನಿಯಮದ ಒತ್ತಡದಿಂದ ಶನಿವಾರಕ್ಕೂ ಮೊದಲೇ ಅರಳುವುದು ತಮಗೆ ಅನಿವಾರ್ಯವಾದಲ್ಲಿ ಅರ್ಜಿದಾರರು ಅದನ್ನು ಅರ್ಥಮಾಡಿಕೊಳ್ಳುತ್ತಾರೆ. ಅಂಥ ಸಂದರ್ಭದಲ್ಲಿ, ಪ್ರಾಚಿ ಫೋಟೋ ತೆಗೆಯುವುದು ಒಲೆಯ ಕಡೆಯಿಂದ ಆದ್ದರಿಂದ, ತಾವು ಕಿಟಕಿಯ ಗಾಜಿನ ಕಡೆಗೆ ಮುಖ ಮಾಡಿ ಅರಳತಕ್ಕದ್ದು.